ಒಂದು ಸ್ಟೇಷನ್ ಮುಂದಕ್ಕೆ

ಬೆಳಗಿನ ಹತ್ತೂ ಇಪ್ಪತ್ತರ ರೈಲಿನಿಂದ ತೊಫುನಾಯ್ ಸ್ಟೇಷನ್ನಿನಲ್ಲಿ ಇಳಿದವಳು ಹತ್ಸುಯೆ ಒಬ್ಬಳೇ. ಪ್ಲಾಟ್‌ಫಾರಂ ಎಂದರೆ ಹಲಗೆ ಹಾಸಿದ ಒಂದು ಜಗಲಿ. ಅದರಾಚೆ ಹಳಿ, ಹಳಿಯಾಚೆ ಇಪ್ಪತ್ತು ಹೆಜ್ಜೆಯಷ್ಟು ಹಿಮ, ಹಿಮದಾಚೆ ಸಮುದ್ರ. ಕೈಯಲ್ಲಿದ್ದ ಚೀಲವನ್ನು ಕೆಳಗಿಡುವ ಮೊದಲೇ ಅವಳು ಸಮುದ್ರವನ್ನು ನೋಡಿದಳು. ಅದು ಕಪ್ಪಗೆ ಅಲೆಯಾಡುತ್ತಿತ್ತು. ಕಣ್ಣು ಹೋದಷ್ಟು ದೂರವೂ ಬರೀ ನೀರು.

ರೈಲು ಹೊರಟುಹೋಯಿತು. ಅಲೆಗಳ ಸದ್ದು ಮಾತ್ರ ಉಳಿಯಿತು.

ಗೇಟಿನಲ್ಲಿ ನಿಂತಿದ್ದ ಸ್ಟೇಷನ್ ಮಾಸ್ಟರು ಅವಳ ಟಿಕೆಟ್ಟಿನ ಮುಂಭಾಗವನ್ನಷ್ಟೇ ನೋಡಿ, "ಮಿನಾಬೆ ಮುಂದಿನ ಸ್ಟೇಷನ್ನು, ಅಮ್ಮಾವ್ರೆ. ತಪ್ಪಿ ಇಳಿದ್ರೇನೋ," ಎಂದ. ಅರವತ್ತರ ಹತ್ತಿರದ ವಯಸ್ಸು. ಎದೆಯ ಮೇಲಿನ ಪಟ್ಟಿಯಲ್ಲಿ ನುಕಾಗಾ ಎಂಬ ಹೆಸರಿತ್ತು.

"ಇಲ್ಲ, ಇಲ್ಲೇ ಇಳೀಬೇಕಿತ್ತು. ನಡುದಾರಿ ಇಳಿತ. ಮುದ್ರೆ ಒತ್ತಿಕೊಡಿ."

ದೂರದ ಟಿಕೆಟ್ ಇದ್ದವರು ಬಂದ ದಾರಿಗೆ ಹಿಂದಿರುಗದೆ ಮುಂದೆ ಮುಂದೆ ಹೋಗುವುದಾದರೆ, ನಡುವೆ ಬೇಕಾದ ಸ್ಟೇಷನ್ನಿನಲ್ಲಿ ಇಳಿಯಬಹುದು. ಟಿಕೆಟ್ಟಿನ ಅವಧಿ ಮುಗಿಯುವುದರೊಳಗೆ ಮತ್ತೆ ಹತ್ತಿದರಾಯಿತು. ಇಳಿದಲ್ಲಿ ಆ ಸ್ಟೇಷನ್ನಿನ ಪುಟ್ಟ ಅಂಡಾಕಾರದ ಮುದ್ರೆಯನ್ನು ಟಿಕೆಟ್ಟಿನ ಮೇಲೆ ಒತ್ತುತ್ತಾರೆ. ನಿಯಮ ನುಕಾಗಾಗೆ ಬಾಯಿಪಾಠ. ಮುದ್ರೆ ಎಲ್ಲಿದೆ ಎಂಬುದು ಮಾತ್ರ ಮರೆತುಹೋಗಿತ್ತು.

"ಒಳಗೆ ಬನ್ನಿ. ಒಲೆ ಉರೀತಾ ಇದೆ," ಎಂದ.

ಕಾಯುವ ಕೋಣೆಯ ಒಲೆಯ ಪಕ್ಕದಲ್ಲಿ ಒಬ್ಬಳು ಮುದುಕಿ ಒಣ ಸ್ಕ್ವಿಡ್ ಮೀನನ್ನು ಕಾಯಿಸಿ, ಎಳೆ ಎಳೆಯಾಗಿ ಸೀಳುತ್ತ ಕೂತಿದ್ದಳು. ಎದುರಿನ ಮನೆಯ ತೊಮೆ ಅಜ್ಜಿ. ಮನೆಯ ಒಲೆಯಲ್ಲಿ ಸೌದೆ ಉಳಿಸಲು ಚಳಿಗಾಲವಿಡೀ ಸ್ಟೇಷನ್ನಿನ ಒಲೆಯ ಮುಂದೆ ಕೂರುವುದು ಅವಳ ಪದ್ಧತಿ. ನುಕಾಗಾ ಒಂದೊಂದೇ ಡ್ರಾಯರನ್ನು ಎಳೆದು ಹುಡುಕುವುದನ್ನು ಅವಳು ಸಂತೋಷದಿಂದ ನೋಡಿದಳು.

"ಏನು ಕಳಕೊಂಡ್ಯೋ? ಬುದ್ಧಿನಾ?"

"ನಡುದಾರಿ ಮುದ್ರೆ, ಅಜ್ಜಿ. ಒಂಬತ್ತು ವರ್ಷದ ಹಿಂದೆ ಒಬ್ಬ ಕಾಲೇಜು ಹುಡುಗನಿಗೆ ಒತ್ತಿದ್ದೆ."

"ಆಮೇಲೆ ಈ ಊರಲ್ಲಿ ಬೇಕು ಅಂತ ಇಳಿದೋರು ಯಾರೂ ಇಲ್ಲ. ಸರಿ ಬಿಡು, ನಾನಾದ್ರೂ ಇಳೀತಿದ್ನಾ?"

ಮುದ್ರೆ ಕೊನೆಗೂ ಸಿಕ್ಕಿತು. ಮಸಿಯ ಮೆತ್ತೆ ಮರಗಟ್ಟಿತ್ತು. ಅದನ್ನು ಒಲೆಯ ತಲೆಯ ಮೇಲಿಟ್ಟು ಕಾಯಿಸುವಾಗ ನುಕಾಗಾ ಟಿಕೆಟ್ಟನ್ನು ತಿರುಗಿಸಿದ. ಕೈ ಅಲ್ಲೇ ನಿಂತಿತು.

ಟಿಕೆಟ್ಟಿನ ಬೆನ್ನ ಮೇಲೆ ಖಾಲಿ ಜಾಗವೇ ಇರಲಿಲ್ಲ. ಕೆಂಪು, ನೇರಳೆ, ಕಪ್ಪು ಮುದ್ರೆಗಳು. ಕೆಲವು ಸ್ಪಷ್ಟ, ಕೆಲವು ಅರ್ಧ ಅಳಿಸಿದವು, ಒಂದರ ಅಂಚನ್ನು ಇನ್ನೊಂದು ಮುಟ್ಟಿದವು. ಅಲ್ಲಿ ಜಾಗ ಮುಗಿದಾಗ ಯಾವುದೋ ಸ್ಟೇಷನ್ನಿನವರು ತೆಳು ಕಾಗದದ ಬಾಲಂಗೋಚಿ ಅಂಟಿಸಿದ್ದರು. ಅದರಲ್ಲೂ ಮುದ್ರೆಗಳು ತುಂಬಿ ಕೊನೆಯಲ್ಲಿ ಬೆರಳಗಲ ಬಿಳಿ ಉಳಿದಿತ್ತು. ನುಕಾಗಾ ಕನ್ನಡಕ ಹಾಕಿಕೊಂಡು, ಬೆರಳನ್ನು ತಾಗಿಸದೆ, ಗಾಳಿಯಲ್ಲೇ ತೋರಿಸುತ್ತ ಓದಿದ. ಅವನು ಹೆಸರು ಮಾತ್ರ ಕೇಳಿದ್ದ ಊರುಗಳು, ಹೆಸರೂ ಕೇಳದ ಊರುಗಳು, ಜಲಸಂಧಿ ದಾಟಿಸಿದ ರೈಲ್ವೆ ಹಡಗಿನ ಕಟ್ಟೆ. ನಲವತ್ತೊಂದು ಮುದ್ರೆಗಳು.

"ಅಜ್ಜಿ, ಇಲ್ಲಿ ಬಾ. ಇದನ್ನ ನೋಡು."

"ನನಗೆ ಓದೋಕೆ ಬರಲ್ಲ ಅಂತ ಗೊತ್ತಿದ್ದೂ ಕರೀತಿಯಲ್ಲ."

"ಓದಬೇಡ. ನೋಡು."

ತೊಮೆ ಅಜ್ಜಿ ಎದ್ದು ಬಂದಳು. ನೋಡಿದಳು. ಮೀನಿನ ಜಿಡ್ಡು ಅಂಟಿದ ಬೆರಳುಗಳನ್ನು ತಾನಾಗಿಯೇ ಬೆನ್ನ ಹಿಂದೆ ಇಟ್ಟುಕೊಂಡಳು.

"ಒಂದೇ ಟಿಕೆಟ್ಟು. ಮೂರು ಸಾವಿರದ ಮುನ್ನೂರ ತೊಂಬತ್ತೇಳು ಕಿಲೋಮೀಟರು," ಎಂದ ನುಕಾಗಾ. "ದಾರಿ ಎಲ್ಲೂ ತನ್ನನ್ನ ತಾನು ಮುಟ್ಟಿಲ್ಲ. ಒಂದು ಸ್ಟೇಷನ್ನೂ ಎರಡನೇ ಸಲ ಬಂದಿಲ್ಲ. ಈ ದಾರಿ ಹಾಕಿಕೊಟ್ಟೋರು ಯಾರು, ಅಮ್ಮಾವ್ರೆ?"

"ನಮ್ಮನೆಯವರು, ಉರಾಬೆ ಅಂತ," ಎಂದಳು ಹತ್ಸುಯೆ.

ಅವಳ ಗಂಡ ಉರಾಬೆ ಮಸನೋರಿ ದಕ್ಷಿಣದ ಇಚಿನೋಸೆ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಹಿಂದೆ ಮೂವತ್ತನಾಲ್ಕು ವರ್ಷ ಕೂತಿದ್ದವನು. ಜ್ವಾಲಾಮುಖಿ ಕೆಮ್ಮಿದಾಗಲೆಲ್ಲ ಒಣಗಲು ಹಾಕಿದ ಬಟ್ಟೆಯ ಮೇಲೆ ಬೂದಿ ಬೀಳುವ ಊರು ಅದು. ಹತ್ಸುಯೆ ಅಲ್ಲಿನ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಮ್ಮ. ಒಂದು ಸಂಜೆ ಅವಳು ಮರುದಿನದ ಪಾಠ ಬರೆದುಕೊಳ್ಳುತ್ತಿದ್ದಳು: ಸಮುದ್ರದ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ, ಉಪ್ಪಿನಿಂದಾಗಿ ಅದಕ್ಕೆ ಇನ್ನೂ ಸುಮಾರು ಎರಡು ಡಿಗ್ರಿ ಚಳಿ ಬೇಕು, ಹೆಪ್ಪುಗಟ್ಟುವಾಗ ನೀರು ಉಪ್ಪನ್ನು ಹೊರಗೆ ತಳ್ಳುತ್ತದೆ. ಮಸನೋರಿ ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಿದ್ದ.

"ಸಮುದ್ರ ಹೆಪ್ಪುಗಟ್ಟಿದ್ದನ್ನ ನೀನು ನೋಡಿದ್ದೀಯಾ, ಮೇಷ್ಟ್ರಮ್ಮಾ?"

"ಇಲ್ಲ."

"ನೋಡದೇ ಇಪ್ಪತ್ತೆಂಟು ವರ್ಷದಿಂದ ಪಾಠ ಹೇಳ್ತಾ ಇದ್ದೀಯಾ?"

"ನೀವು ಉತ್ತರದ ತುದಿಯ ಹೊಕ್ಕೈಡೋ ನೋಡದೇ ಹೊಕ್ಕೈಡೋಗೆ ಟಿಕೆಟ್ ಕೊಡಲ್ವಾ?"

ಅವನು ನಕ್ಕ. ಆದರೆ ಮರುದಿನದಿಂದ ವೇಳಾಪಟ್ಟಿಯ ದಪ್ಪ ಪುಸ್ತಕವನ್ನು ಮನೆಗೆ ತರತೊಡಗಿದ. ಉತ್ತರದ ಹವಾಮಾನ ಕಚೇರಿಗೆ ಕಾಗದ ಬರೆದು, ಮಂಜುಗಡ್ಡೆ ದಡಕ್ಕೆ ಬಂದ ಮೂವತ್ತು ವರ್ಷಗಳ ದಿನಾಂಕಗಳನ್ನು ತರಿಸಿಕೊಂಡ. ಇಬ್ಬರೂ ನಿವೃತ್ತರಾದ ಮೇಲೆ ಹೋಗುವುದೆಂದು ಟಿಪ್ಪಣಿ ಪುಸ್ತಕದಲ್ಲಿ ದಿನ ದಿನದ ದಾರಿ ಬರೆದ. ಕೊನೆಯ ಪುಟದಲ್ಲಿ ಹೀಗಿತ್ತು: "ಹತ್ತೊಂಬತ್ತನೇ ದಿನ. ತೊಫುನಾಯ್. ನಡುದಾರಿ ಇಳಿತ. ಹೆಪ್ಪುಗಟ್ಟಿದ ಸಮುದ್ರ. ಇಬ್ಬರೂ."

ನಿವೃತ್ತಿಯ ಮರುವರ್ಷ ಅವನು ತೀರಿಕೊಂಡ. ಕೊನೆಯ ಪದ ಇನ್ನು ನಿಜವಾಗುವಂತಿರಲಿಲ್ಲ. ಉಳಿದ ಪದಗಳನ್ನಾದರೂ ಬರೆದ ಹಾಗೆಯೇ ನಿಜ ಮಾಡಬೇಕೆಂದು ಹತ್ಸುಯೆ ಹೊರಟಿದ್ದಳು.

ಮಸಿ ಮೆತ್ತಗಾಯಿತು. ನುಕಾಗಾ ಹಳೆಯ ಪತ್ರಿಕೆಯ ಅಂಚಿನಲ್ಲಿ ಎರಡು ಸಲ ಒತ್ತಿ ನೋಡಿ, ಉಸಿರು ಬಿಗಿಹಿಡಿದು, ಬೆರಳಗಲದ ಆ ಬಿಳಿಯಲ್ಲಿ ಮುದ್ರೆ ಒತ್ತಿದ. ನಲವತ್ತೆರಡು. ಆಮೇಲೆ ಅವನ ಕಣ್ಣು ಮುಂಭಾಗದ ದಿನಾಂಕಕ್ಕೆ ಹೋಯಿತು.

"ಇದು ಇವತ್ತಿಗೆ ಮುಗಿಯುತ್ತೆ, ಉರಾಬೆ-ಸಾನ್," ಎಂದ, ಹೆಸರಿಗೆ ಮರ್ಯಾದೆ ಸೇರಿಸಿ.

"ಗೊತ್ತು."

"ಮಂಜುಗಡ್ಡೆ ನೋಡೋಕೆ ಬಂದಿರೋದಾದ್ರೆ, ಅದಿನ್ನೂ ಇಪ್ಪತ್ತು ಕಿಲೋಮೀಟರು ಆಚೆ ತೇಲ್ತಾ ಇದೆ ಅಂತ ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದ್ರು."

"ಅದೂ ಗೊತ್ತು," ಎಂದು ಹತ್ಸುಯೆ ಟಿಪ್ಪಣಿ ಪುಸ್ತಕ ಬಿಚ್ಚಿ ತೋರಿಸಿದಳು. ಮಸನೋರಿಯ ಲೆಕ್ಕದಲ್ಲಿ ದಾರಿ ಮೂರು ಸಾವಿರದ ನಾನೂರ ನಾಲ್ಕು ಕಿಲೋಮೀಟರು. ಟಿಕೆಟ್ಟಿನ ಅವಧಿ ಮೊದಲ ಇನ್ನೂರು ಕಿಲೋಮೀಟರಿಗೆ ಎರಡು ದಿನ, ಆಮೇಲೆ ಬೆಳೆಯುವುದು ಇನ್ನೂರಕ್ಕೆ ಒಂದು ದಿನದಂತೆ. ಇನ್ನೂರನ್ನು ಕೊಂಚ ಮೀರಿದರೂ ಮತ್ತೊಂದು ಪೂರ್ತಿ ದಿನ ಸಿಗುತ್ತದೆ. ಆ ಕೊನೆಯ ನಾಲ್ಕು ಕಿಲೋಮೀಟರಿಗಾಗಿಯೇ ಅವನು ದಾರಿಯನ್ನು ಒಂದು ಕಡೆ ಸ್ವಲ್ಪ ಸುತ್ತಿಸಿದ್ದ. ಹತ್ತೊಂಬತ್ತು ದಿನ ಆಗಿತ್ತು. ಅವನು ಸತ್ತ ಮೇಲೆ ನಡುವೆ ಒಂದು ಕಡೆ ಹೊಸ ಸುರಂಗ ತೆರೆದರು. ದಾರಿ ಏಳು ಕಿಲೋಮೀಟರು ಕಡಿಮೆಯಾಯಿತು. ಹದಿನೆಂಟು ದಿನ.

"ಏಳು ಕಿಲೋಮೀಟರು," ಎಂದ ನುಕಾಗಾ. ಅವನ ಮುಖದಲ್ಲಿ ನಿಜವಾದ ನೋವಿತ್ತು. "ಎಂಥಾ ಲೆಕ್ಕ. ಎಂಥಾ ಲೆಕ್ಕ ಹಾಕಿದ್ರು."

"ಒಂದು ತಂಗುದಾಣ ಬಿಟ್ಟು ಇವತ್ತೇ ಬಂದೆ. ಮಂಜುಗಡ್ಡೆಯೂ ಒಂದು ದಿನ ಮೊದಲೇ ಬಂದಿರಬಹುದು ಅಂತ ಆಸೆಯಿತ್ತು."

"ಮಿನಾಬೆಗೆ ಇವತ್ತಿನ ಕೊನೇ ರೈಲು ನಾಲ್ಕೂ ಹತ್ತಕ್ಕೆ. ಅದನ್ನ ಬಿಟ್ರೆ ಟಿಕೆಟ್ ಸತ್ತ ಹಾಗೆ."

"ಮಿನಾಬೆಯಿಂದ ಸಮುದ್ರ ಕಾಣುತ್ತಾ?"

"ಇಲ್ಲ. ಗುಡ್ಡದ ಹಿಂದೆ. ಸ್ಟೇಷನ್ನಲ್ಲಿ ಜನಾನೂ ಇಲ್ಲ ಈಗ, ಒಂದು ಮರದ ಪೆಟ್ಟಿಗೆ ಇಟ್ಟಿದ್ದಾರೆ. ಟಿಕೆಟ್ ಅದರೊಳಗೆ ಹಾಕಿ ಹೋಗೋದು. ಬರೋ ವಸಂತಕ್ಕೆ ಇಲ್ಲೂ ಅಂಥದ್ದೇ ಒಂದು ಬರುತ್ತೆ, ನನ್ನ ಜಾಗಕ್ಕೆ."

"ಪೆಟ್ಟಿಗೆಗೆ ನಿನಗಿಂತ ಚೆನ್ನಾಗಿ ಮಾತಾಡೋಕೆ ಬರುತ್ತೆ ಬಿಡು," ಎಂದಳು ತೊಮೆ ಅಜ್ಜಿ. ಆಮೇಲೆ ಹತ್ಸುಯೆಯತ್ತ ಬಾಗಿದಳು. "ನೋಡು ತಾಯಿ, ಹೊಟ್ಟೆ ಹಿಡ್ಕೊಂಡು ಇಲ್ಲೇ ಮಲಗಿಬಿಡು. ಕಾಯಿಲೆ ಬಿದ್ದೋರಿಗೆ ಟಿಕೆಟ್ಟು ಮುಂದೂಡ್ತಾರಂತೆ. ಪಕ್ಕದೂರಿನ ಡಾಕ್ಟ್ರು ನನ್ನ ತಂಗಿ ಮಗ. ನಾನು ಹೇಳಿದ್ರೆ ನಾಯಿಗೂ ಚೀಟಿ ಬರ್ಕೊಡ್ತಾನೆ."

ನುಕಾಗಾ ಒಲೆಯ ಬಾಗಿಲು ತೆಗೆದು, ಹಾಕಬೇಕಾಗಿಲ್ಲದ ಕಲ್ಲಿದ್ದಲು ಹಾಕಿ, ಸದ್ದು ಮಾಡಿ ಮುಚ್ಚಿದ. "ನನಗೇನೂ ಕೇಳಿಸಲಿಲ್ಲ," ಎಂದ.

ಹತ್ಸುಯೆ ನಕ್ಕಳು. "ಬೇಡ ಅಜ್ಜಿ. ಅವರು ಮೂವತ್ತನಾಲ್ಕು ವರ್ಷದಲ್ಲಿ ಒಂದು ಸುಳ್ಳು ಟಿಕೆಟ್ ಬರೆದೋರಲ್ಲ. ಈ ಟಿಕೆಟ್ಟಿನ ಮೇಲೆ ಸುಳ್ಳು ಬರೆಸೋಕಾಗಲ್ಲ."

"ನಾಲ್ಕು ಗಂಟೆವರೆಗೂ ಹೊತ್ತಿದೆ," ಎಂದ ನುಕಾಗಾ. "ಗಾಳಿ ತಿರುಗಿ ಉತ್ತರದಿಂದ ಬೀಸಿದ್ರೆ ಹೇಳೋಕಾಗಲ್ಲ."

ಅವಳು ಕಾದಳು. ಚೀಲದಲ್ಲಿ ಊರಿನಿಂದ ತಂದ ಕಿತ್ತಳೆಗಳಲ್ಲಿ ಆರು ಉಳಿದಿದ್ದವು. ದಾರಿಯಲ್ಲಿ ಹೆಪ್ಪುಗಟ್ಟಿ ಕಲ್ಲಾಗಿದ್ದವು. ಒಲೆಯ ಮೇಲಿಟ್ಟು ಕರಗಿಸಿ ಮೂವರೂ ತಿಂದರು. ತೊಮೆ ಅಜ್ಜಿ ಮನೆಯಿಂದ ಹುದುಗಿಸಿದ ಸೋಯಾದ ಮಿಸೊ ಸಾರು ತಂದಳು. ಮಂಜುಗಡ್ಡೆ ಬಂತೆಂದರೆ ದೋಣಿಗಳನ್ನೆಲ್ಲ ದಡಕ್ಕೆ ಎಳೆಯುತ್ತಿದ್ದರಂತೆ. ಅಜ್ಜಿಯ ಮೀನುಗಾರ ಗಂಡ ಎರಡು ತಿಂಗಳು ಮನೆಯಲ್ಲೇ. "ಮೊದಲನೇ ವಾರ ನನಗೆ ಹಬ್ಬ. ಎರಡನೇ ವಾರದಿಂದ ಯಾವಾಗ ಕರಗುತ್ತಪ್ಪಾ ಅಂತ ಕಿಟಕೀಲಿ ನೋಡ್ತಿದ್ದೆ," ಎಂದಳು.

ಅರ್ಧ ಗಂಟೆಗೊಮ್ಮೆ ಹತ್ಸುಯೆ ಎದ್ದು ಪ್ಲಾಟ್‌ಫಾರಮ್ಮಿಗೆ ಹೋಗಿ ಬರುತ್ತಿದ್ದಳು. ಎರಡು ಗಂಟೆಗೆ ಗಾಳಿ ತಿರುಗಿತು. ಮೂರಕ್ಕೆ ಹಿಮ ಅಡ್ಡಡ್ಡವಾಗಿ ಹಾರತೊಡಗಿತು. ಸಮುದ್ರ ಇನ್ನೂ ಕಪ್ಪಾಗಿಯೇ ಇತ್ತು. ಈಗ ಅಬ್ಬರಿಸುತ್ತಿತ್ತು, ಅಷ್ಟೇ.

ಮೂರೂಮುಕ್ಕಾಲಿಗೆ ಅವಳು ಮೈಮೇಲಿನ ಹಿಮ ಕೊಡವಿಕೊಳ್ಳುತ್ತ ಒಳಗೆ ಬಂದು ಟಿಕೆಟ್ ಕಿಟಕಿಯ ಮುಂದೆ ನಿಂತಳು. ಎರಡರಲ್ಲಿ ಒಂದೇ ಸಿಗುವುದು. ರೈಲು ಹತ್ತಿದರೆ ಟಿಕೆಟ್ಟು ದಾರಿಯ ಕೊನೆಯವರೆಗೂ ಬದುಕಿರುತ್ತದೆ, ಸಮುದ್ರ ತಪ್ಪುತ್ತದೆ. ಉಳಿದರೆ ನಾಳೆಯೋ ನಾಡಿದ್ದೋ ಸಮುದ್ರ ಸಿಗಬಹುದು. ಆದರೆ ಆಗ ಅವಳು ನಡುದಾರಿಯಲ್ಲಿ ಇಳಿದವಳಲ್ಲ, ದಾರಿ ತೀರಿದವಳು. ನೋಡದೇ ಪಾಠ ಹೇಳ್ತಾ ಇದ್ದೀಯಾ ಎಂದು ಅವನು ಕೇಳಿದ್ದು ನೆನಪಾಯಿತು. ಆ ಪ್ರಶ್ನೆಗೆ ಉತ್ತರ ಕೊಡುವುದೇ ಮೊದಲು ಎಂದುಕೊಂಡಳು.

"ನಾನು ಹತ್ತಲ್ಲ, ಮಾಸ್ಟರ್-ಸಾನ್. ಪ್ರಯಾಣ ಇಲ್ಲಿಗೇ ಮುಗಿಸ್ತೀನಿ. ಟಿಕೆಟ್ ತಗೊಳ್ಳಿ." ಎರಡೂ ಕೈಗಳಲ್ಲಿ ಟಿಕೆಟ್ ಹಿಡಿದು ಚಾಚಿದಳು.

ನುಕಾಗಾ ಕೈ ಚಾಚಲಿಲ್ಲ. ಗೋಡೆಯ ಗಡಿಯಾರ ನೋಡಿದ.

"ಇನ್ನೂ ಇಪ್ಪತ್ತೈದು ನಿಮಿಷ ಇದೆ."

"ನಾನು ತೀರ್ಮಾನ ಮಾಡಿ ಆಗಿದೆ."

"ನೀವು ಮಾಡಿರಬಹುದು. ರೈಲು ಇನ್ನೂ ಬಂದಿಲ್ಲ. ಅದು ಬಂದು ಹೋಗೋವರೆಗೂ ಇದು ನಿಮ್ಮದು, ಉರಾಬೆ-ಸಾನ್. ಅಷ್ಟರ ತನಕ ನಾನು ಮುಟ್ಟಲ್ಲ."

"ಇಪ್ಪತ್ತೈದು ನಿಮಿಷದಲ್ಲಿ ಏನು ವ್ಯತ್ಯಾಸ ಆಗುತ್ತೋ," ಎಂದಳು ತೊಮೆ ಅಜ್ಜಿ.

"ಇಪ್ಪತ್ತೈದು ನಿಮಿಷದ ವ್ಯತ್ಯಾಸ ಆಗುತ್ತೆ," ಎಂದ ನುಕಾಗಾ.

ಅವಳು ಟಿಕೆಟ್ಟನ್ನು ಪುಸ್ತಕದೊಳಗಿಟ್ಟು ಬೆಂಚಿನ ಮೇಲೆ ಕೂತಳು. ಕಿಟಕಿಗಳು ಅಲುಗಾಡತೊಡಗಿದ್ದವು. ನಾಲ್ಕೂ ಹತ್ತಕ್ಕೆ ನುಕಾಗಾ ಟೋಪಿ ಹಾಕಿಕೊಂಡು ಪ್ಲಾಟ್‌ಫಾರಮ್ಮಿನ ಮೇಲೆ ನೆಟ್ಟಗೆ ನಿಂತ. ಎದುರಿಗಿದ್ದ ಸಿಗ್ನಲ್ ಕಂಬವೇ ಕಾಣುತ್ತಿರಲಿಲ್ಲ. ಕಾಲು ಗಂಟೆಯಾಯಿತು. ರೈಲು ಬರಲಿಲ್ಲ. ನಾಲ್ಕೂಮುಕ್ಕಾಲಿಗೆ ಒಳಗೆ ಟೆಲಿಫೋನು ಬಡಿದುಕೊಂಡಿತು.

ನುಕಾಗಾ ಕೇಳಿಸಿಕೊಂಡ, "ಹೌದು" ಎಂದ, ಕೇಳಿದ್ದನ್ನು ಪದ ಪದವಾಗಿ ತಿರುಗಿ ಹೇಳಿ ಖಚಿತ ಮಾಡಿಕೊಂಡ, ಫೋನು ಇಟ್ಟ. ಕಪಾಟಿನಿಂದ ನಿಯಮಗಳ ಪುಸ್ತಕ ತೆಗೆದು, ಬೆರಳು ಒದ್ದೆ ಮಾಡಿಕೊಂಡು ಹಾಳೆ ತಿರುವಿದ. ಹಿಮ ಕರಗಿ ಅವನ ಹುಬ್ಬಿನಿಂದ ಹಾಳೆಯ ಮೇಲೆ ತೊಟ್ಟಿಕ್ಕಿತು. ಅದನ್ನು ಜೋಪಾನವಾಗಿ ಒರೆಸಿದ.

"ಹಿಮಗಾಳಿಯಿಂದ ಈ ಮಾರ್ಗದಲ್ಲಿ ರೈಲು ಸಂಚಾರ ನಿಂತಿದೆ. ನಾಳೆ ಮಧ್ಯಾಹ್ನ ಮತ್ತೆ ಶುರು," ಎಂದ. ಆಮೇಲೆ ನಿಂತುಕೊಂಡೇ, ಸಭೆಯಲ್ಲಿ ಓದುವವನಂತೆ ಓದಿದ: "ಸಂಚಾರ ಸ್ಥಗಿತವಾದ ಕಾರಣ ಪ್ರಯಾಣ ಮುಂದುವರಿಸಲಾಗದ ಪ್ರಯಾಣಿಕನ ಟಿಕೆಟ್ಟಿನ ಅವಧಿಯನ್ನು, ಸಂಚಾರ ಮತ್ತೆ ಆರಂಭವಾಗುವ ದಿನದವರೆಗೆ ವಿಸ್ತರಿಸತಕ್ಕದ್ದು."

ಪುಸ್ತಕವನ್ನು ತೆರೆದಿಟ್ಟೇ ಪೆನ್ನು ಎತ್ತಿಕೊಂಡ.

"ಕೊಡಿ ಟಿಕೆಟ್ಟು," ಎಂದ.

"ಆದ್ರೆ ನಾನು ಹತ್ತಲ್ಲ ಅಂತ ಹೇಳಿದ್ದೆ."

"ರೈಲು ಬಂತಾ?"

"ಇಲ್ಲ."

"ನಿಮ್ಮ ಟಿಕೆಟ್ಟು ನಿಮ್ಮ ಕೈಲಿತ್ತಾ?"

"ಇತ್ತು."

"ಅಷ್ಟೇ. ನಿಯಮ ಕೇಳೋದು ರೈಲು ಬಂತೋ ಇಲ್ವೋ ಅನ್ನೋದನ್ನ. ಮನಸ್ಸಲ್ಲಿ ಏನಿತ್ತು ಅಂತ ಕೇಳಲ್ಲ. ಬೆಳಿಗ್ಗೆಯಿಂದ ನಾನು ಒಂದು ದಿನ ಕೊಡೋ ಹಾಗಿರಲಿಲ್ಲ; ಈಗ ಕೊಡದೇ ಇರೋ ಹಾಗಿಲ್ಲ."

ಮುಂಭಾಗದ ಖಾಲಿ ಜಾಗದಲ್ಲಿ ಅವನು ಸಣ್ಣ ಅಕ್ಷರದಲ್ಲಿ ಬರೆದ: ಸಂಚಾರ ಸ್ಥಗಿತ, ಒಂದು ದಿನ ವಿಸ್ತರಣೆ, ತೊಫುನಾಯ್. ಮೇಲೆ ಸ್ಟೇಷನ್ನಿನ ದೊಡ್ಡ ಮೊಹರು ಒತ್ತಿದ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಆ ನಿಯಮವನ್ನು ಅವನು ಬಳಸಿದ್ದು ಅದೇ ಮೊದಲು. ಮಸಿ ಆರಲೆಂದು ಊದಿದ.

"ಹತ್ತೊಂಬತ್ತನೇ ದಿನ," ಎಂದಳು ಹತ್ಸುಯೆ.

"ಅವರು ಬರೆದ ಹಾಗೆ," ಎಂದ ನುಕಾಗಾ.

ಆ ರಾತ್ರಿ ಅವಳು ತೊಮೆ ಅಜ್ಜಿಯ ಮನೆಯಲ್ಲಿ ಮಲಗಿದಳು. ಮಲಗುವ ಕೋಣೆ ಸಮುದ್ರಕ್ಕೆ ಬೆನ್ನು ಹಾಕಿತ್ತು. ಗಾಳಿಯ ಊಳು, ಅದರಡಿಯಲ್ಲಿ ಅಲೆಗಳ ಗುದ್ದು. ಎರಡನ್ನೂ ಕೇಳುತ್ತ ನಿದ್ದೆ ಹೋದಳು.

ಅವಳಿಗೆ ಎಚ್ಚರವಾದದ್ದು ಯಾವ ಸದ್ದಿನಿಂದಲೂ ಅಲ್ಲ. ಕಿಟಕಿ ಬೆಳ್ಳಗಾಗುತ್ತಿತ್ತು. ಏನೋ ಕಾಣೆಯಾಗಿದೆ ಎಂದು ಮೊದಲು ಅನಿಸಿತು, ಏನೆಂದು ತಿಳಿಯಲಿಲ್ಲ. ಗಾಳಿ ನಿಂತಿತ್ತು, ಅದಲ್ಲ. ಕಿವಿಗೊಟ್ಟು ಕೇಳಿದಳು. ನಿನ್ನೆ ಬಂದ ಗಳಿಗೆಯಿಂದ ಒಂದು ಕ್ಷಣವೂ ಬಿಡದೆ ಕೇಳಿದ್ದ ಅಲೆಗಳ ಸದ್ದು ಇರಲಿಲ್ಲ. ಸಣ್ಣದಾಗಿಯೂ ಇರಲಿಲ್ಲ.

ಪಕ್ಕದ ಹಾಸಿಗೆಯಿಂದ ತೊಮೆ ಅಜ್ಜಿ ಕಣ್ಣು ತೆರೆಯದೆ ಹೇಳಿದಳು: "ಬಾಯಿ ಮುಚ್ಚಿತಲ್ಲ. ಬಂದಿದೆ ಹೋಗು."

ಹತ್ಸುಯೆ ಬೂಟುಗಳನ್ನು ತಪ್ಪು ಕಾಲಿಗೆ ಹಾಕಿಕೊಂಡು, ಬಿಚ್ಚಿ, ಮತ್ತೆ ಹಾಕಿಕೊಂಡು ಓಡಿದಳು. ಹಳಿ ದಾಟುವಾಗ ಎರಡೂ ಕಡೆ ನೋಡಿದಳು. ರೈಲ್ವೆಯವನ ಹೆಂಡತಿಯ ಅಭ್ಯಾಸ. ಹಿಮದ ದಿಬ್ಬ ಹತ್ತಿದಳು.

ಸಮುದ್ರ ಇರಲಿಲ್ಲ. ಅದಿದ್ದ ಜಾಗದಲ್ಲಿ ಒಂದು ಬಿಳಿಯ ದೇಶ ಬಂದು ನಿಂತಿತ್ತು. ಕಾಲಡಿಯಿಂದ ಆಕಾಶದ ಅಂಚಿನವರೆಗೂ ಬಂಡೆಗಳು, ಹಲಗೆಗಳು, ಚಪ್ಪಡಿಗಳು. ಕೆಲವು ಅಂಗೈಯಗಲ, ಕೆಲವು ಮನೆಯಷ್ಟು. ಒಂದರ ಮೇಲೊಂದು ಏರಿದಲ್ಲಿ ಅಂಚುಗಳು ನೀಲಿಯಾಗಿದ್ದವು, ಒಳಗೆ ಯಾರೋ ದೀಪ ಹಚ್ಚಿಟ್ಟ ಹಾಗೆ. ನಿಶ್ಚಲವಾಗಿದೆ ಎಂದುಕೊಳ್ಳುವಷ್ಟರಲ್ಲಿ ಅವಳಿಗೆ ಕಂಡಿತು: ಇಡೀ ಬಯಲು ಮೆಲ್ಲಗೆ, ತುಂಬ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ಕೆಳಗೆಲ್ಲೋ ಸಮುದ್ರ ಬದುಕಿತ್ತು, ನಿದ್ದೆಯಲ್ಲಿ ಉಸಿರಾಡುವವರ ಎದೆಯ ಮೇಲಿನ ಹೊದಿಕೆಯಂತೆ ಅಷ್ಟೂ ಮಂಜುಗಡ್ಡೆಯನ್ನು ಎತ್ತಿ ಇಳಿಸುತ್ತಿತ್ತು. ದೂರದಲ್ಲಿ ಚಪ್ಪಡಿಗಳು ಒಂದನ್ನೊಂದು ಒತ್ತಿ, ಹಳೆಯ ಬಾಗಿಲು ತೆರೆದಂತೆ ನರಳಿದವು. ಮತ್ತೆ ಮೌನ.

ಸೂರ್ಯ ಹುಟ್ಟಿದ. ನೀರಿನಿಂದಲ್ಲ, ಬಿಳಿಯಿಂದ. ಮೊದಲ ಬೆಳಕು ಅವಳತ್ತ ಉರುಳಿ ಬರುವಾಗ ಒಂದೊಂದು ಗಡ್ಡೆಯ ತಲೆಯೂ ಕೆಂಪಾಗುತ್ತ ಬಂದು, ಕೊನೆಗೆ ಅವಳ ಕೈಗವಸೂ ಕೆಂಪಾಯಿತು.

ಅವಳಿಗೆ ಎಲ್ಲ ಗೊತ್ತಿತ್ತು. ಆಚೆಯ ಖಂಡದ ದೊಡ್ಡ ನದಿಯೊಂದು ಸಿಹಿನೀರನ್ನು ತಂದು ಸುರಿಯುತ್ತದೆ. ಆ ಹಗುರ ನೀರು ಮೇಲಿನ ಪದರವಾಗಿ ನಿಂತು ಬೇಗ ಹೆಪ್ಪುಗಟ್ಟುತ್ತದೆ. ಗಾಳಿಯೂ ಪ್ರವಾಹವೂ ಅದನ್ನು ಸಾವಿರ ಕಿಲೋಮೀಟರು ನೂಕುತ್ತವೆ. ಮಂಜುಗಡ್ಡೆಯ ಭಾರ ಅಲೆಗಳನ್ನು ಅದುಮುತ್ತದೆ. ಬಾಣದ ಗುರುತು ಹಾಕಿ ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದಳು. ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ. ಆದರೂ ತಾನು ಇಷ್ಟು ವರ್ಷ ಯಾವುದರ ಬಗ್ಗೆ ಮಾತಾಡುತ್ತಿದ್ದೆ ಎಂಬುದೇ ತನಗೆ ಗೊತ್ತಿರಲಿಲ್ಲ ಎಂದು ಅವಳಿಗೆ ಅನಿಸಿತು. ಬಗ್ಗಿ, ಕೈಗವಸು ತೆಗೆದು, ದಡಕ್ಕೆ ತಾಗಿದ್ದ ಗಡ್ಡೆಯ ಒಂದು ಚೂರು ಮುರಿದು ನಾಲಿಗೆಯ ಮೇಲಿಟ್ಟುಕೊಂಡಳು. ಉಪ್ಪು ಇತ್ತೋ ಇಲ್ಲವೋ ಎನ್ನುವಷ್ಟಿತ್ತು.

"ಹೊರಗೆ ತಳ್ಳಿದೆ, ನೋಡಿ," ಎಂದಳು ಜೋರಾಗಿ, ಪಕ್ಕದಲ್ಲಿ ಇಲ್ಲದವನಿಗೆ.

ಹಿಂದೆ ಹಿಮ ಕರಕರ ಎಂದಿತು. ನುಕಾಗಾ ಬಂದು ಎರಡು ಮಾರು ದೂರದಲ್ಲಿ ನಿಂತಿದ್ದ. ಟೋಪಿ ಕೈಯಲ್ಲಿತ್ತು, ಕಿವಿಗಳು ಚಳಿಗೆ ಕೆಂಪಾಗಿದ್ದವು.

"ನಿಮಗೆ ಪ್ರತಿ ವರ್ಷದ್ದಲ್ವಾ ಇದು?" ಎಂದು ಅವಳು ಕೇಳಿದಳು.

"ಪ್ರತಿ ವರ್ಷ ಟೋಪಿ ತೆಗೀತೀನಿ," ಎಂದ.

ಹತ್ಸುಯೆ ಟಿಪ್ಪಣಿ ಪುಸ್ತಕದಿಂದ ಟಿಕೆಟ್ಟು ತೆಗೆದು ಎದೆಯ ಬಳಿ ಹಿಡಿದುಕೊಂಡು ನಿಂತಳು. ಕಾಲು ಮರಗಟ್ಟುವವರೆಗೂ ನಿಂತಿದ್ದಳು.

ಮಧ್ಯಾಹ್ನ ಮಿನಾಬೆಗೆ ಹೋಗುವ ರೈಲು ಬಂತು, ಮೂತಿಯ ತುಂಬ ಹಿಮ ಮೆತ್ತಿಕೊಂಡು. ಬಾಗಿಲು ತೆರೆಯಿತು. ನುಕಾಗಾ ಅವಳ ಚೀಲ ಹಿಡಿದು ನಿಂತಿದ್ದ. ಅವಳು ಬಾಗಿಲಿನವರೆಗೆ ನಡೆದಳು, ಒಳಗೆ ನೋಡಿದಳು, ಹತ್ತಲಿಲ್ಲ.

ಮಸನೋರಿ ಎಂದೂ ಊರಿನವರೆಗೆ ಟಿಕೆಟ್ ತೆಗೆದವನಲ್ಲ. ಎಲ್ಲಿಗೆ ಹೋಗಿ ಬಂದರೂ ಇಚಿನೋಸೆಯ ಮುಂದಿನ ತಾನಿಗುಚಿಯವರೆಗೆ ತೆಗೆಯುತ್ತಿದ್ದ. ಇಚಿನೋಸೆಯಲ್ಲಿ ನಡುದಾರಿ ಮುದ್ರೆ ಒತ್ತಿಸಿಕೊಂಡು ಟಿಕೆಟ್ಟಿನ ಸಮೇತ ಮನೆಗೆ ಬರುತ್ತಿದ್ದ. ಯಾಕೆ ಎಂದರೆ, "ತಲುಪಿಬಿಟ್ರೆ ಟಿಕೆಟ್ ಇಸ್ಕೊಂಡುಬಿಡ್ತಾರೆ, ಮೇಷ್ಟ್ರಮ್ಮಾ," ಎನ್ನುತ್ತಿದ್ದ. ಅವನ ಡ್ರಾಯರಿನ ತುಂಬ ಒಂದೊಂದು ಸ್ಟೇಷನ್ ಬಾಕಿ ಉಳಿದ ಟಿಕೆಟ್ಟುಗಳು. ರೈಲ್ವೆಯವರ ಹುಚ್ಚು ಎಂದು ಅವಳು ಗೊಣಗುತ್ತಿದ್ದಳು. ಈ ಟಿಕೆಟ್ಟನ್ನೂ ತೊಫುನಾಯ್‌ವರೆಗೆ ಅಲ್ಲ, ಮಿನಾಬೆಯವರೆಗೆ ಯಾಕೆ ಹಾಕಿದ್ದ ಎಂದು ಈಗ ಕೇಳಬೇಕಾಗಿರಲಿಲ್ಲ.

ಅವಳು ರೈಲಿಗೆ ಸಣ್ಣಗೆ ಬಾಗಿ ವಂದಿಸಿ ಎರಡು ಹೆಜ್ಜೆ ಹಿಂದೆ ಸರಿದಳು. ಬಾಗಿಲು ಮುಚ್ಚಿತು. ರೈಲು ಬಿಳಿಯ ಬಯಲಿನ ಅಂಚಿನಲ್ಲಿ ಸಣ್ಣದಾಗುತ್ತ ಗುಡ್ಡದ ಹಿಂದೆ ತಿರುಗಿತು.

"ಹನ್ನೊಂದು ಕಿಲೋಮೀಟರು ಉಳಿಸ್ಕೊಂಡ್ಯಲ್ಲ ತಾಯಿ," ಎಂದಳು ಕಾಯುವ ಕೋಣೆಯ ಬಾಗಿಲಲ್ಲಿ ನಿಂತಿದ್ದ ತೊಮೆ ಅಜ್ಜಿ. "ನನಗಾದ್ರೂ ಕೊಡು. ಮಿನಾಬೇಲಿ ನನ್ನ ತಂಗಿ ಇದ್ದಾಳೆ."

"ಟಿಕೆಟ್ಟು ಬೇರೆಯವರಿಗೆ ಕೊಡೋ ಹಾಗಿಲ್ಲ," ಎಂದ ನುಕಾಗಾ.

"ನಿನ್ನನ್ನ ಕೇಳಿದ್ನಾ? ಪೆಟ್ಟಿಗೆ ಬರ್ಲಿ, ವಸಂತಕ್ಕೆ."

ಊರಿನ ಕಡೆಗೆ ಹೋಗುವ ರೈಲಿಗೆ ಇನ್ನೂ ಒಂದು ಗಂಟೆಯಿತ್ತು. ಇಷ್ಟು ದೂರದ ಟಿಕೆಟ್ಟು ತೊಫುನಾಯ್‌ನಲ್ಲಿ ಅಚ್ಚಾಗಿರುವುದಿಲ್ಲ, ಕೈಯಲ್ಲೇ ಬರೆಯಬೇಕು. ನುಕಾಗಾ ಖಾಲಿ ಟಿಕೆಟ್ಟಿನ ಕಟ್ಟು ತೆಗೆದು, ಧೂಳು ಊದಿ, ಪೆನ್ನಿನ ಮುಳ್ಳನ್ನು ಒರೆಸಿದ. ಇಷ್ಟು ಉದ್ದದ ಟಿಕೆಟ್ಟನ್ನು ಅವನು ತನ್ನ ಜನ್ಮದಲ್ಲಿ ಬರೆದಿರಲಿಲ್ಲ, ಇನ್ನು ಬರೆಯುವಂತೆಯೂ ಇರಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

"ಇಚಿನೋಸೆವರೆಗೆ ತಾನೇ?"

ತೆರೆದ ಬಾಗಿಲಿನಾಚೆ ಮಂಜುಗಡ್ಡೆ ಮತ್ತೊಮ್ಮೆ ನರಳಿತು. ಹತ್ಸುಯೆ ಅದು ಮುಗಿಯುವವರೆಗೂ ಕೇಳಿಸಿಕೊಂಡಳು.

"ತಾನಿಗುಚಿವರೆಗೆ," ಎಂದಳು. "ನಮ್ಮೂರಾದ ಮೇಲಿನದು."

ನುಕಾಗಾ ತಲೆಯೆತ್ತಿ ಅವಳನ್ನು ನೋಡಿದ. ವೇಳಾಪಟ್ಟಿಯ ದಪ್ಪ ಪುಸ್ತಕವನ್ನು ಬಿಚ್ಚಿ, ದೇಶದ ಆ ತುದಿಯ ಪುಟದಲ್ಲಿ ಬೆರಳಿಟ್ಟು ಆ ಪುಟ್ಟ ಹೆಸರನ್ನು ಹುಡುಕಿದ. ಆಮೇಲೆ ಬರೆಯಲು ಶುರು ಮಾಡಿದ, ಒಂದೊಂದೇ ಅಕ್ಷರವಾಗಿ.